ಎರಡನೇ ಓದು

ಹಾಲಿನ ಪುಡಿಯ ಡಬ್ಬಿಯಲ್ಲಿ ತಂದಿದ್ದಳು
ಇನ್ನೂರ ಹನ್ನೆರಡು ಲಕೋಟೆ,
ಒಂದೊಂದರಲ್ಲೂ ಒಂದು ಜೊತೆ ಕಿವಿಗಲ್ಲು,
ಅಕ್ಕಿನುಚ್ಚಿನಷ್ಟು.
ಓಸ್ಲೋದಲ್ಲಿ ಡಬ್ಬಿ ಬಿಚ್ಚಿಸಿದರಂತೆ.
ಸುಂಕದವನ ಮುಂದೆ ಮೀನಿನ ಸುಖದುಃಖ ಹೇಳಿದಳಂತೆ;
ಪುಣ್ಯಾತ್ಮ, ನಿಂತು ಕೇಳಿದನಂತೆ.

ಟ್ರೋಮ್ಸೊದ ಈ ಪ್ರಯೋಗಾಲಯದಲ್ಲಿ ನಾನು
ಮೂವತ್ತೊಂದು ವರ್ಷದಿಂದ ಮೀನಿನ ವಯಸ್ಸು ಹೇಳುವವನು.
ಕಲ್ಲನ್ನು ಅಂಟಿನಲ್ಲಿ ಕೂರಿಸಿ, ಅಡ್ಡ ಕೊಯ್ದು,
ಬೆಳಕು ತೂರುವಷ್ಟು ತೇಯ್ದು,
ಎಣ್ಣೆಯ ಹನಿಯಿಟ್ಟು ಬಗ್ಗಿ ನೋಡುವುದು.
ನಮ್ಮ ಕಾಡ್ ಮೀನು ಮೋಸ ಮಾಡುವುದಿಲ್ಲ:
ಬೇಸಿಗೆಗೆ ಅಗಲದ ಬಿಳಿ, ಚಳಿಗಾಲಕ್ಕೊಂದು ಕಪ್ಪು ಗೆರೆ.
ನೀರಲ್ಲಿ ಮೀನಿನ ಹೆಜ್ಜೆ ಕಾಣದು, ಸರಿ,
ಕಿವಿಯೊಳಗೆ ಎಲ್ಲ ಬರೆದಿಟ್ಟುಕೊಂಡಿರುತ್ತದೆ.

'ಘಾನಾದಲ್ಲಿ ಚಳಿಗಾಲವೇ ಇಲ್ಲವಲ್ಲ,
ಗೆರೆ ಎಳೆಯುವವರು ಯಾರು?' ಎಂದೆ.
ಕೊರ್ಕೊರ್ ಲ್ಯಾಂಪ್ಟಿ ತಲೆಯೆತ್ತಲಿಲ್ಲ.
'ಜುಲೈಯಲ್ಲಿ ತಳದ ನೀರು ಮೇಲೇಳುತ್ತದೆ.
ತೆಶಿಯ ದಂಡೆಯಲ್ಲಿ ಕಾಲಿಟ್ಟರೆ ಜುಮ್ಮೆನ್ನುತ್ತದೆ,
ಮಕ್ಕಳು ಕೂಗಿಕೊಂಡು ಓಡುತ್ತಾರೆ.
ನಮಗೆ ಅಷ್ಟು ಸಾಕು.'

ಇಬ್ಬರು ಓದಬೇಕು, ಒಬ್ಬರದನ್ನೊಬ್ಬರು ನೋಡಬಾರದು.
ಅದು ಇಲ್ಲಿನ ನಿಯಮ.
ನಾನು ನಾಲ್ಕು ಬರೆದರೆ ಅವಳು ಎರಡು.
ನಾನು ಐದು, ಅವಳು ಮೂರು.
ವಾರ ಕಳೆದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಹರಡಿ
ಬೆರಳಿಟ್ಟು ತೋರಿಸಿದಳು:
'ಈ ಸಣ್ಣದು ಜನವರಿಯದು.
ಒಂದೆರಡು ವಾರ ತಣ್ಣಗಾಗುತ್ತದೆ, ಹೋಗುತ್ತದೆ.
ಅದನ್ನು ನಾವು ವರ್ಷ ಅನ್ನುವುದಿಲ್ಲ.'
ನನ್ನ ಕಾಫಿ ಆರಿತ್ತು.
ಕಿಟಕಿಯಾಚೆ ಹಗಲು ಹನ್ನೊಂದಕ್ಕೆ ಬೀದಿದೀಪ ಉರಿಯುತ್ತಿತ್ತು.
ಮೊದಲ ಲಕೋಟೆಯಿಂದ ಮತ್ತೆ ಶುರು ಮಾಡಿದೆ.

ಮಂಗಳವಾರ ಮಾತ್ರ ಅವಳು ಗರಗಸ ಮುಟ್ಟುತ್ತಿರಲಿಲ್ಲ.
ಅವರ ಊರಲ್ಲಿ ಅಂದು ಕಡಲಿಗೆ ಬಿಡುವು,
ಯಾರೂ ದೋಣಿ ಇಳಿಸುವುದಿಲ್ಲವಂತೆ.
'ನಂಬುತ್ತೀಯಾ?' ಅಂದೆ.
'ಪ್ರಬಂಧದಲ್ಲಿ ಬರೆಯುವುದಿಲ್ಲ' ಅಂದು ನಕ್ಕಳು,
ಮೂಲೆಯಲ್ಲಿ ಕೂತು ಅಂಕಿಗಳನ್ನು ತಿದ್ದಿದಳು.

ಹತ್ತೊಂಬತ್ತನೆಯ ದಿನ ಹೊರಟಳು.
ಡಬ್ಬಿ ನನಗೇ ಬಿಟ್ಟಳು, ಸ್ಕ್ರೂ ಹಾಕಿಡಲು ಆದೀತೆಂದು.
ತಳದಲ್ಲಿ ಒಂದು ಲಕೋಟೆ, ನೂರ ಆರನೆಯದು,
ಕೊಯ್ಯದ ಕಲ್ಲು ಹಾಗೆಯೇ.
ಮರೆತಳೆಂದುಕೊಂಡೆ. ಮರೆಯುವವಳಲ್ಲ.
ಮೇಲಿದ್ದ ತಾರೀಕನ್ನು ಕ್ಯಾಲೆಂಡರಿನಲ್ಲಿ ಹುಡುಕಿದೆ:
ಮಂಗಳವಾರ.
ಯಾವನೋ ಕತ್ತಲಲ್ಲಿ ಕದ್ದು ದೋಣಿ ಇಳಿಸಿದ್ದಾನೆ.

ಹಾಳೆಯಲ್ಲಿ ಆ ಸಾಲು ಈಗಲೂ ಇದೆ.
ಮೊದಲ ಓದು ಖಾಲಿ.
ಎರಡನೆಯದೂ.