ಬೋಳಣ್ಣಗ ಕೂದಲು ಬಂದಾವ

ರಾತ್ರಿ ಹತ್ತೂವರೆಗೆ ಬಿಟ್ಟರು.
ಎರಡು ನಿಮಿಷ ಹನ್ನೊಂದು ಸೆಕೆಂಡು.
ಕೌಲ್ ಬಜಾರಿನ ಮಸ್ತಾನನ ಗೇಮಿನಂಗಡಿಯಲ್ಲಿ
ಶಟರ್ ಅರ್ಧ ಇಳಿಸಿ ಹದಿನಾಲ್ಕು ಮಂದಿ
ಒಂದೇ ಪರದೆಗೆ ಕುತ್ತಿಗೆ ಚಾಚಿದೆವು.
ಹೊರಗೆ ಬಳ್ಳಾರಿಯ ಬಂಡೆಬೆಟ್ಟ
ಹಗಲೆಲ್ಲ ನುಂಗಿದ ಬಿಸಿಲನ್ನು
ನಿಧಾನಕ್ಕೆ ಊರ ಮೇಲೆ ಉಗುಳುತ್ತಿತ್ತು.

ಆರು ವರ್ಷ ಕಾದಿದ್ದೆವು.
ಮೊದಲ ಭಾಗದ ಕೊನೆಗೆ
ಉಪ್ಪಿನ ಕೋಟೆಯ ಬಾಗಿಲ ಮುಂದೆ
ಬೋಳಣ್ಣ ಮಂಡಿಯೂರಿ ಕೂತಿದ್ದ;
ಬಾಗಿಲು ತೆರೆಯಲಿಲ್ಲ, ಮಾಡಿದವರ ಹೆಸರುಗಳು ಉರುಳಿದವು.
ಅವನ ಅಸಲಿ ಹೆಸರು ನಮ್ಮ ನಾಲಗೆಗೆ ಹೊರಳದ್ದು,
ಯಾವ ದೇಶದವನೋ.
ನುಣ್ಣನೆ ತಲೆ, ಅದರ ಮೇಲೊಂದು ಗಾಯದ ಗೆರೆ.
ತಿಪ್ಪೇರುದ್ರ ಅದನ್ನು ನೋಡಿಯೇ
ಎಸ್ಸೆಸ್ಸೆಲ್ಸಿಯಲ್ಲಿ ತಲೆ ಬೋಳಿಸಿಕೊಂಡು ಮನೆಗೆ ಹೋಗಿ
"ನಿಮ್ಮಪ್ಪ ಇನ್ನೂ ಬದುಕ್ಯಾನಲೇ" ಎಂದು
ಅವ್ವನಿಂದ ಪೊರಕೆಯೇಟು ತಿಂದವನು.

ಪರದೆ ಬೆಳ್ಳಗಾಯಿತು.
ಗಾಳಿ. ಉಪ್ಪಿನ ಬಯಲು. ಬೆನ್ನು ತೋರಿಸಿ ನಿಂತ ಒಬ್ಬ.
ತಿರುಗಿದ.
ಹಣೆಯ ಮೇಲೆ ಗುಂಗುರು ಕೂದಲು!

ಒಂದು ಗಳಿಗೆ ಫ್ಯಾನಿನ ಕಿರುಗುಟ್ಟಷ್ಟೆ.
ಆಮೇಲೆ ತಗಡಿನ ಸೂರು ಹಾರಿತು:
"ಯಾವನಲೇ ಇವನು?"
"ಬೋಳಣ್ಣನ ತಮ್ಮ ಇರಬೇಕು."
"ತಮ್ಮಲ್ಲ, ಅಳಿಯ. ನಿಶ್ಚಯಕ್ಕ ಹೊಂಟಂಗ ಅದಾನ."
"ಆರು ವರ್ಷ ಎಣ್ಣಿ ಹಚ್ಚಿ ಬೆಳೆಸ್ಯಾರ, ಬರೇ ಕೂದಲಾ!"

ಗಾದಿಲಿಂಗನ ಸಿಟ್ಟೇ ಬೇರೆ.
ಜೀನ್ಸ್ ವಾಷಿಂಗ್ ಯುನಿಟ್ಟಿನಲ್ಲಿ ದಿನಕ್ಕೆ ಮುನ್ನೂರು ಪ್ಯಾಂಟು
ಕಲ್ಲು ಹಾಕಿ ತಿರುವುವವನು;
ಅವನ ಉಗುರ ಸಂದಿಯ ನೀಲಿ ಯಾವ ಸೋಪಿಗೂ ಬಗ್ಗದು.
"ಅಲ್ಲೇ ನಿಲ್ಲಿಸು" ಎಂದು ಎದ್ದು ಹೋಗಿ
ಪರದೆಯ ಮೇಲೆ, ಬೋಳಣ್ಣನ ತೊಡೆಗೆ ಬೆರಳಿಟ್ಟ:
"ಮಂಡಿ ಊರಿ ಊರಿ ಬಂದವನ ಪ್ಯಾಂಟು
ಮೊಣಕಾಲಿಗೆ ಮೊದಲು ಮಾಸ್ತದ.
ಇವರು ತೊಡಿಗೆ ಮಾಸಿಸ್ಯಾರ.
ಇದು ನಡದು ಹೋದ ಬಣ್ಣ ಅಲ್ಲ,
ಕಾಗದ ಹಿಡದು ಉಜ್ಜಿದ ಬಣ್ಣ.
ನನಗ ಹೇಳಿಕೊಡಬ್ಯಾಡ್ರಿ."

ಕುದುರೆಯ ಓಟ ಚೆಂದ ಐತಿ ಅಂದ ಹೊನ್ನೂರವಲಿ.
ಯಾರೂ ಕೇಳಲಿಲ್ಲ.
ಕುದುರಿ, ಅಂದ ಮತ್ತೆ.
"ಕುದುರಿ ಕಟ್ಟಿ ಹಾಕಿ ಸುಮ್ಮನ ಕುಂದ್ರಲೇ."

ಒಂಬತ್ತನೇ ಸಲ ನೋಡುವಾಗ
ಹಿಂದೆ ಗಲ್ಲದ ಹತ್ತಿರ ಚಿಲ್ಲರೆ ಎಣಿಸುತ್ತಿದ್ದ
ಮಸ್ತಾನನ ತಂಗಿ ಬೀಬಿಜಾನ್
ತಲೆಯೆತ್ತದೆ ಹೇಳಿದಳು:
"ಅವನ ಕೂದಲ ಹಿಂದ ನೋಡ್ರಿ."
ಕೂದಲ ಹಿಂದೆ, ಧೂಳಿನಲ್ಲಿ,
ಕಣ್ಣು ಮಿಟುಕಿಸಿದರೆ ಇಲ್ಲದ ಜಾಗದಲ್ಲಿ
ಅದೇ ಬಾಗಿಲು.
ಎಡಗಡೆಯ ಕಬ್ಬಿಣದ ಬಳೆ ಮುರಿದಿತ್ತು.

ಮೊದಲ ಭಾಗದಲ್ಲಿ ಬಳೆ ಮುರಿಯುತ್ತಿರಲಿಲ್ಲ.
ಕೊಡಲಿ, ಕಲ್ಲು, ಸತ್ತ ಸೈನಿಕನ ಟೊಪ್ಪಿಗೆ,
ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ದೆವು,
ಗಂಟೆಗೆ ಇಪ್ಪತ್ತು ರೂಪಾಯಿ ತೆತ್ತು.
"ನಾ ಮುರದದ್ದದು" ಅಂದ ತಿಪ್ಪೇರುದ್ರ.
"ನಿನ್ನ ಮುಖ. ಶ್ರಾವಣದಾಗ ನಾನು ಹೊಡದಾಗ
ಚೂರು ಅಲುಗಿತ್ತು, ಮಸ್ತಾನನ್ನ ಕೇಳು."
ಮಸ್ತಾನನನ್ನು ಯಾರೂ ಕೇಳಲಿಲ್ಲ.
ಅಲ್ಲಿದ್ದ ಒಬ್ಬೊಬ್ಬರೂ ಅದನ್ನು ಮುರಿದವರೇ.

ನಾನು ತಂದ ಮಿರ್ಚಿ, ಒಗ್ಗರಣೆ ಮಂಡಕ್ಕಿ
ಪೇಪರಿನಲ್ಲೇ ತಣ್ಣಗಾದವು.
ನಾನು ಏನೂ ಅನ್ನಲಿಲ್ಲ.
ಇಪ್ಪತ್ತಾರಕ್ಕೇ ನೆತ್ತಿ ಇಣುಕುವ ನನಗೆ
ಲೋಕದಲ್ಲಿ ಇದ್ದವನು ಅವನೊಬ್ಬ.
ಹೋಗುವವನು ಒಂದು ಮಾತು ಹೇಳಿ ಹೋಗಬಾರದಿತ್ತೆ?

ಕರೆಂಟು ಹೋಯಿತು. ಕತ್ತಲಲ್ಲಿ ಮಸ್ತಾನ್ ಅಂದ:
"ಹೊಸಾದು ಈ ಮಷೀನಿನ್ಯಾಗ ಓಡಂಗಿಲ್ಲ.
ಬ್ಯಾರೆ ತರಬೇಕು. ರೊಕ್ಕ ಎಲ್ಲಿ?"
ಬೈಗುಳ ನಿಂತಿತು.
ಬೀಬಿಜಾನ್ ಮೊಬೈಲಿನ ಬೆಳಕಲ್ಲಿ
ಲೆಕ್ಕದ ಪುಸ್ತಕದ ಹೊಸ ಹಾಳೆ ತೆಗೆದು
ಚೀಟಿ ಎಂದು ಬರೆದು, ಕೆಳಗೆ ಗೆರೆ ಎಳೆದಳು.
ವಾರಕ್ಕೆ ಐವತ್ತು, ಹದಿನಾಲ್ಕು ಹೆಸರು.
ನನ್ನದು ಆರನೆಯದು.

ಮೊದಲ ನೋಟು ಗಾದಿಲಿಂಗನದು,
ಒದ್ದೆ, ಅಂಚಿಗೆ ನೀಲಿ ಹತ್ತಿದ್ದು.
ಕೊಟ್ಟವನು ಶಟರಿನಡಿ ಅರ್ಧ ನುಸುಳಿ
ಮತ್ತೆ ಹಿಂದಕ್ಕೆ ತಲೆ ಹಾಕಿ ಕೇಳಿದ:
"ಅಲ್ಲ, ಆ ಕೋಟಿಯೊಳಗ
ಒಂದು ಕ್ಷೌರದಂಗಡಿ
ಇಟ್ಟಿರ್ತಾರೇನು?"