ಕೈ ನೋಂದಣಿ

ಕಪ್ಪು ಬೆಲ್ಟು ಬಂದ ಮರುದಿನ
ಮಾಗಡಿ ರಸ್ತೆಯ ಠಾಣೆಗೆ ಹೋದೆ,
ಎರಡೂ ಕೈ ನೋಂದಾಯಿಸಲು.
ಬಸ್ಸಿನಲ್ಲಿ ಅವನ್ನು ಜೇಬಿನಿಂದ ತೆಗೆಯಲಿಲ್ಲ,
ಯಾರಿಗಾದರೂ ತಾಗೀತೆಂದು.

ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯ ತಾರಸಿಯಲ್ಲಿ
ಸೆಲ್ವರಾಜ್ ಮಾಸ್ಟರ್ ಹೇಳಿದ್ದರು:
ಇನ್ನು ಮೇಲೆ ಇದು ಕೈಯಲ್ಲ, ಆಯುಧ.
ಸರ್ಕಾರಕ್ಕೆ ತಿಳಿಸಬೇಕು.
ಹೊಡೆಯುವ ಮುಂಚೆ ಮೂರು ಸಲ ಕೂಗಿ ಎಚ್ಚರಿಸಬೇಕು.
ತಲೆಗೂದಲಿಗೆ ಹಿಟ್ಟು ಮೆತ್ತಿದ ಹನ್ನೊಂದು ಹುಡುಗರು
ಕೂಗುವುದನ್ನೂ ಅಭ್ಯಾಸ ಮಾಡಿದ್ದೆವು.

ರೈಟರ್ ಗಂಗಹನುಮಕ್ಕ ಟೀ ಲೋಟ ಸರಿಸಿ
ಇಡು ಇಲ್ಲಿ, ಅಂದರು.
ಇಟ್ಟೆ.
ಗೆಣ್ಣುಗಳ ಮೇಲೆ ಜಡ್ಡು,
ಉಗುರೊಳಗೆ ಗ್ಯಾರೇಜಿನ ಗ್ರೀಸು.
ಲೈಸೆನ್ಸಿನ ಬಂದೂಕು ನೋಡುವಂತೆ
ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ಪುಸ್ತಕ ಇಲ್ಲ ಕಣಪ್ಪ.
ಇದು ಮಾಡಿದ್ದಕ್ಕೆ ಇದೆ."
ಬೆನ್ನ ಹಿಂದೆ ಸೂರಿನ ತನಕ
ಕೆಂಪು ಬಟ್ಟೆಯ ಗಂಟುಗಳು.
"ಅದರಲ್ಲಿ ಒಬ್ಬನಿಗೂ ಬೆಲ್ಟಿಲ್ಲ.
ಇಟ್ಟಿಗೆ, ಸೌಟು. ಒಬ್ಬಳದು ಲಟ್ಟಣಿಗೆ."

ಮತ್ತೆ ಮೂರು ಸಲ ಕೂಗೋದು?
"ಕೂಗೋಕೆ ಹೊತ್ತಿದ್ರೆ ಓಡು."
ಒಂದು ಗುಟುಕು ಟೀ ಆದಮೇಲೆ:
"ಓಡೋಕಾಗ್ದಿದ್ರೆ ಹೊಡಿ. ಬಿಡಿಸ್ಕೊಳ್ಳೋಷ್ಟು.
ಅವನು ಬಿದ್ದಮೇಲೆ ಹೊಡೆದದ್ದು
ನಿನ್ನ ಲೆಕ್ಕಕ್ಕೆ."

ಆಮೇಲೆ ಬಾಗಿಲ ಬಳಿಯ ನೀರಿನ ಕ್ಯಾನು ತೋರಿಸಿ
ಎತ್ತಿಡಲು ಹೇಳಿದರು.
ಇಪ್ಪತ್ತು ಲೀಟರು.
ಆಯುಧಗಳೆರಡೂ ನಡುಗಿದವು,
ಅರ್ಧ ಲೋಟದಷ್ಟು ನೆಲಕ್ಕೆ ಚೆಲ್ಲಿತು.
ಒರೆಸು, ಅಂದರು.
ಒರೆಸಿದೆ.

ಸಂಜೆ ತಾರಸಿಯಲ್ಲಿ ಹುಡುಗರು ಮುತ್ತಿಕೊಂಡರು:
ಬರೆದುಕೊಂಡರಾ? ನಂಬರು ಕೊಟ್ಟರಾ?
ಮಾಸ್ಟರ್ ಕೂಡ ಕಿವಿಗೊಟ್ಟು ನಿಂತಿದ್ದರು.

ಹೂಂ, ಅಂದೆ,
ಎರಡೂ ಕೈ ಬೆನ್ನ ಹಿಂದಿಟ್ಟುಕೊಂಡು.