ಕಿಲೋಕ್ಕ ನೂರು

ಶನಿವಾರ ಮುಂಜಾನಿ ಶಟರ್ ಎತ್ತಿ
ಸೀಮೆಸುಣ್ಣದಿಲೆ ಹಲಗಿ ಮ್ಯಾಲ ಬರದೆ:
ಹಳೇ ಪುಸ್ತಕ ಕಿಲೋಕ್ಕ ನೂರು.
ಕೆಳಗ ಸಣ್ಣಾಗಿ:
ಸಂಜಿ ಐದಕ್ಕ ಹೊಸ ಪುಸ್ತಕ ಬಿಡುಗಡೆ,
ಕವಿ ಬರ್ತಾರ, ಚಹಾ ಅದ.
ಚಹಾ ಅನ್ನೋದನ್ನ ಆಮ್ಯಾಲ
ಎರಡು ಸಲ ತೀಡಿ ದಪ್ಪ ಮಾಡಿದೆ.

ತಕ್ಕಡಿ ನಮ್ಮದಲ್ಲ.
ಗಂಜಿನ ಅಡತಿ ಅಂಗಡಿದು, ಒಂದು ದಿನದ ಮಾತಿಗೆ ತಂದದ್ದು.
ಹೊತಗೊಂಡು ಬಂದಾಂವ ಹಮಾಲ ಸಾಬಣ್ಣ.
ಪರಡಿ ಒಳಗ ಇನ್ನಾ ತೊಗರಿ ಹೊಟ್ಟು.
"ರಾತ್ರಿ ಎಂಟಕ್ಕ ಸೇಠ್‌ಗೆ ವಾಪಸ್ ಮುಟ್ಟಿಸಬೇಕ್ರಿ,
ನಾ ಇಲ್ಲೇ ಕುಂದರ್ತೀನಿ" ಅಂದ
ಕೂಲರ್ ಎದುರಿನ ಸ್ಟೂಲು ನೋಡಿ.

ಮೇ ತಿಂಗಳು, ಯಾದಗಿರಿ.
ಕಿಲ್ಲೇದ ಗುಡ್ಡ ಹಗಲೆಲ್ಲ ಕಾದು
ಸ್ಟೇಷನ್ ರೋಡಿನ ಮ್ಯಾಲ ಉಸರು ಬಿಡತದ.

ತೂಗಲಿಕ್ಕ ಕುಂತ ಮ್ಯಾಲ ತಿಳೀತು
ಯಾವುದಕ್ಕ ಎಷ್ಟು ಭಾರ ಅಂತ.
ಹಳೇ ಸಿಇಟಿ ಗೈಡು ಒಂದೇ ಒಂದೂವರಿ ಕಿಲೋ.
ಅಡಗಿ ಪುಸ್ತಕ ಎಣ್ಣಿ ಕುಡದು ಉಬ್ಬಿದ್ವು.
ತೀರಿಹೋದ ವಕೀಲರ ಕಾನೂನು ಪುಸ್ತಕ
ಒಬ್ಬಾಂವ ಎರಡೇ ಹೊತಗೊಂಡು ಹ್ವಾದ,
ಓದಲಿಕ್ಕಲ್ಲ, ಕಪಾಟಿನ ಕಾಲು ಮುರದಿತ್ತಂತ.
ಕವಿತಿ ಪುಸ್ತಕ ಇಟ್ಟರ ಪರಡಿ ಅಲ್ಲಾಡ್ಲೇ ಇಲ್ಲ.
ಸಾಬಣ್ಣ ಬೆರಳಿಲೆ ಒತ್ತಿ ನೋಡಿದ:
"ತಕ್ಕಡಿ ಕೆಟ್ಟಿಲ್ರಿ ಅಕ್ಕೋರೆ,
ಇದರಾಗೇ ಏನೋ ಕಮ್ಮಿ ಅದ."
ಒಂಬತ್ತು ರೂಪಾಯಿಗೆ ಒಂದು ಹೋತು.
ಉಳದವುಗಳ ಮ್ಯಾಲ ಹ್ವಾದ ವರ್ಷದ ಪಂಚಾಂಗ ಮುಚ್ಚಿ
ಕವಿಯ ದಾರಿ ನೋಡಿದೆ.

ಐದೂವರಿಗೆ ಬಂದಳು ದೇವೀಂದ್ರಮ್ಮ,
ಗುರಮಠಕಲ್ ಆಸ್ಪತ್ರಿ ನರ್ಸು,
ರಾತ್ರಿ ಪಾಳಿ ಮುಗಿಸಿ, ಮಲಗದ, ಕೆಂಪು ಬಸ್ಸಿನಾಗ.
ಮಂದಿ ಎಣಸಿದೆ: ಡಿಎಡ್ ಓದೋ ನಾಕು ಹುಡುಗೂರು,
ಸರ್ವೇ ಖಾತೆಯ ಮದಾರಸಾಬ್, ಅವರ ಛತ್ರಿ,
ಕವಿಯ ತಂಗಿ, ತಂಗಿಯ ಕೂಸು,
ಟ್ರೇನು ತಡ ಅಂತ ಒಳಗ ಬಂದ ಇಬ್ಬರು.
ಛತ್ರಿ ಬಿಟ್ಟರ ಒಂಬತ್ತು. ಸಾಬಣ್ಣನ್ನ ಹಿಡದರ ಹತ್ತು.

ಪಂಚಾಂಗ ಎತ್ತಿ ನೋಡೇಬಿಟ್ಟಳು.
ನನ್ನ ಮಾರಿ ಕಪ್ಪಿಟ್ಟಿತು.
ಆಕಿ ಒಂದು ಸಂಕಲನ ತಗೊಂಡು ತಾನೇ ತೂಗಿ
"ಕಮ್ಮಿ ತೂಕ" ಅಂದಳು, ವಾರ್ಡಿನ ದನಿಯಾಗ.
"ಇಂಥವು ಹುಟ್ಟಿದರ ನಾವು ತಾಯಂದ್ರಿಗೆ ಹೇಳ್ತೀವಿ,
ಬಟ್ಟಿ ಬಿಚ್ಚಿ ಎದಿಗೆ ಹಚಗೊಂಡು ಮಲಗು ಅಂತ."

ಓದಿದಳು. ನಾಕು ಕವಿತಿ.
ಮೂರನೇದಕ್ಕ ಗೂಡ್ಸ್ ಗಾಡಿ ಬಂದು
ಐವತ್ತೆಂಟು ಡಬ್ಬಿ ದಾಟೋತನಕ
ಬಾಯಿ ತಕ್ಕೊಂಡೇ ನಿಂತಿದ್ದಳು.

ಪ್ರಶ್ನೆ ಕೇಳ್ರಿ ಅಂದೆ. ಯಾರೂ ಇಲ್ಲ.
ಸಾಬಣ್ಣ ಹೊಸ ಪುಸ್ತಕ ತಿರುವಿ ಹಾಕುತ್ತಿದ್ದ.
"ಕಾಗದ ತುಟ್ಟಿ ಅಲ್ಲೇನ್ರಿ?
ಅರ್ಧಾ ಪಾನು ಖಾಲಿ ಬಿಟ್ಟೀರಿ."
ದೇವೀಂದ್ರಮ್ಮ ನೀರು ಕುಡದಳು.
"ಯಣ್ಣಾ, ಚೀಲ ಹೊತ್ತು ಲಾರಿ ಹಲಗಿ ಏರುವಾಗ
ನಡುವ ಒಂದು ಚಣ ನಿಲ್ಲೋದಿಲ್ಲೇನು? ಹಂಗ."
"ಇಲ್ರಿ ಬಾಯಿ,
ನಿಂತರ ಚೀಲಾನೂ ಬೀಳತದ, ನಾನೂ ಬೀಳತೀನಿ.
ಹಲಗಿ ಮ್ಯಾಲ ನಿಲ್ಲಂಗೇ ಇಲ್ಲ."

ಮೊದಲ ನಕ್ಕದ್ದು ಆಕಿನೇ.
ಬಸ್ ಟಿಕೀಟಿನ ಹಿಂದ ಬರಕೊಂಡಳು ಆ ಮಾತು,
ಪೆನ್ನು ಮಾತ್ರ ನಂದು,
ಅದನ್ನ ವಾಪಸ್ ಕೊಡಲಿಲ್ಲ.

ಲೆಕ್ಕ:
ಹಳೇವು ನಲವತ್ತೊಂದು ಕಿಲೋ.
ಹೊಸದು ಮೂರು ಪ್ರತಿ,
ಒಂದು ತಂಗಿ, ಒಂದು ಮದಾರಸಾಬ್,
ಒಂದು ನಾನೇ ತಗೊಂಡು ಗಲ್ಲಾಕ್ಕ ರೊಕ್ಕ ಹಾಕಿದೆ.
ಸಾಬಣ್ಣ ಮಗಳ ಸಲುವಾಗಿ ಇಂಗ್ಲಿಷ್ ಡಿಕ್ಷನರಿ ಆರಿಸಿ
ಒಂದು ಕಿಲೋ ಇನ್ನೂರಕ್ಕ ಕಿರಿಕಿರಿ ಮಾಡಿ
ಇನ್ನೂರನ್ನ ಬಿಡಿಸಿಕೊಂಡ.

ತಕ್ಕಡಿ ಎಂಟಕ್ಕ ಹೋತು.
ಐವತ್ತು ಗ್ರಾಮಿನ ಕಲ್ಲೊಂದು ಇಲ್ಲೇ ಉಳದದ.
ಮೂರು ವಾರ ಆತು, ಯಾರೂ ಕೇಳಿಲ್ಲ.
ಸೇಠ್ ಯಾರಿಗೆ ಎಷ್ಟು ಕಮ್ಮಿ ತೂಗ್ಯಾನೋ ದೇವರಿಗೇ ಗೊತ್ತು.
ಹೊಸ ಪುಸ್ತಕದ ಸಾಲಿನಾಗ, ಫ್ಯಾನಿನ ಕೆಳಗ,
ಆಕಿ ಪುಸ್ತಕ ಹಾರಬಾರದಂತ
ಮ್ಯಾಲ ಇಟ್ಟೀನಿ.